ಹದಿನಾಲ್ಕನೇ ಹಾಸಿಗೆಗೆ ರಕ್ತ ಬೇಡ

ಡ್ರೋನು ಎರಡು ಚೀಲ ರಕ್ತ ಹೊತ್ತು ಮೂರನೇ ಮಹಡಿಯ ಕಿಟಕಿಯ ಹೊರಗೆ ಬಂದು ನಿಂತಾಗ ಬೆಳಿಗ್ಗೆ ಹತ್ತೂವರೆ. ನಾನು ಕಿಟಕಿ ತೆಗೆಯಲಿಲ್ಲ. ಅದು ಮೂರು ಸಲ ಕುಂಯ್ ಅಂದಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಗೆ ಬೆನ್ನು ಕೊಟ್ಟು ನಿಂತೆ.

"ಹೋಗೋ ಮಾರಾಯಾ, ಇಲ್ಲಿ ನಿನಗೇನೂ ಕೆಲಸ ಇಲ್ಲ" ಎಂದೆ. ಯಂತ್ರದ ಜೊತೆ ಮಾತಾಡುವುದು ಹುಚ್ಚುತನ ಎಂದು ನನಗೂ ಗೊತ್ತು. ಆದರೆ ಆ ಆಸ್ಪತ್ರೆಯಲ್ಲಿ ಮನುಷ್ಯರ ಜೊತೆ ಮಾತಾಡಿ ನೋಡಿ ಆಗಿತ್ತು.

ನಾನು ದ್ರಾಕ್ಷಾಯಣಿ ಕಮ್ಮಾರ. ಕಲ್ಲಾಪುರ ಜಿಲ್ಲಾ ಆಸ್ಪತ್ರೆಯ ರಕ್ತನಿಧಿಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದೇನೆ, ಈಗ ಅದರ ಮುಖ್ಯಸ್ಥೆ. ಹದಿನಾಲ್ಕನೇ ಹಾಸಿಗೆಯಲ್ಲಿ ಮಲಗಿದ್ದವನು ನನ್ನ ತಮ್ಮ ಈರಣ್ಣ. ಇನ್ನು ಒಂಬತ್ತು ದಿನಕ್ಕೆ ಅವನ ಹೊಟ್ಟೆಯೊಳಗೆ ನನ್ನ ಎಡಗಡೆಯ ಕಿಡ್ನಿ ಕೂರಬೇಕಾಗಿತ್ತು. ಹೊರಗಿನವರ ರಕ್ತ ಅವನಿಗೆ ಹಾಕಿದರೆ ಆ ಕಿಡ್ನಿ ನನ್ನೊಳಗೇ ಉಳಿದುಬಿಡುವ ಅಪಾಯವಿತ್ತು. ಇಷ್ಟೇ ವಿಷಯ. ಉಳಿದದ್ದೆಲ್ಲ ಜಗಳ.

ಭರಣಿ ಎಂದರೆ ನಮ್ಮ ಕಡೆ ಉಪ್ಪಿನಕಾಯಿ ಹಾಕಿಡುವ ಪಿಂಗಾಣಿ ಪಾತ್ರೆ. ಹನ್ನೊಂದು ವರ್ಷದ ಹಿಂದೆ ರಾಜ್ಯದ ಆಸ್ಪತ್ರೆಗಳಿಗೆಲ್ಲ ರಕ್ತ ಹಂಚಲು ಒಂದು ಯಂತ್ರಬುದ್ಧಿಯನ್ನು ತಂದಾಗ ಯಾರೋ ಪುಣ್ಯಾತ್ಮರು ಅದಕ್ಕೆ ಭರಣಿ ಎಂದು ಹೆಸರಿಟ್ಟರು. ಪ್ರತಿ ಹಾಸಿಗೆಯ ಪಕ್ಕದಲ್ಲೂ ಅದರದೊಂದು ಉಕ್ಕಿನ ತೋಳು. ನಾಲ್ಕು ತಾಸಿಗೊಮ್ಮೆ ಆ ತೋಳು ರೋಗಿಯ ನರ ಹುಡುಕಿ, ನೋವಾಗದಂತೆ ಸೂಜಿ ಚುಚ್ಚಿ, ಒಂದು ಕೊಳವೆ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತದೆ. ಹಿಮೋಗ್ಲೋಬಿನ್ ಎಂಟಕ್ಕಿಂತ ಕಡಿಮೆ ಬಂತೋ, ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ ಹತ್ತುತ್ತದೆ, ಡ್ರೋನು ಎರಡು ಚೀಲ ತಂದು ಕೊಡುತ್ತದೆ. ಏಳಕ್ಕಿಂತ ಕಡಿಮೆಯಾದರೆ ಕಡ್ಡಾಯ. ಆಗ ಡಾಕ್ಟರೂ ಮಾತಾಡುವ ಹಾಗಿಲ್ಲ.

ಸುಳ್ಳು ಹೇಳಬಾರದು, ಭರಣಿ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ರಕ್ತ ಸಿಗದೆ ಒಬ್ಬ ಬಾಣಂತಿಯೂ ಸತ್ತಿಲ್ಲ. ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಕೊಡುವುದನ್ನು ಕಲಿತ ಯಂತ್ರಕ್ಕೆ ಸುಮ್ಮನಿರುವುದನ್ನು ಯಾರೂ ಕಲಿಸಲಿಲ್ಲ. ಬಂದ ಚೀಲವನ್ನು ವಾಪಸು ಕಳಿಸಬೇಕಾದರೆ ಪರದೆಯ ಮೇಲೆ ಮೂರೇ ಕಾರಣಗಳಿವೆ: ಗುಂಪು ಹೊಂದುತ್ತಿಲ್ಲ, ರೋಗಿ ಹಾಸಿಗೆಯಲ್ಲಿಲ್ಲ, ರೋಗಿ ತೀರಿಹೋಗಿದ್ದಾರೆ. 'ಅಗತ್ಯವಿಲ್ಲ' ಎಂಬ ಕಾರಣವೇ ಇಲ್ಲ!

ಆವತ್ತು ಈರಣ್ಣನ ಅಂಕಿ ಏಳು ಪಾಯಿಂಟ್ ಮೂರು. ನಾನು ಅವನ ಹಾಸಿಗೆಯ ಹತ್ತಿರ ಹೋದೆ.

"ಏಳೋ. ಕಾರಿಡಾರಿನಾಗ ಒಂದ್ ಸುತ್ತ ಹಾಕಿ ಬಾ."

"ಯಾಕಬೇ ಅಕ್ಕಾ? ಈಗಷ್ಟ ಚಾ ಕುಡದೇನಿ."

"ಹೇಳಿದಷ್ಟು ಮಾಡು."

ಅವನು ಲುಂಗಿ ಬಿಗಿಮಾಡಿಕೊಂಡು ಎದ್ದು, ಕಾರಿಡಾರಿನ ತುದಿಯವರೆಗೆ ಹೋಗಿ, ಅಲ್ಲಿದ್ದ ಕಾವಲುಗಾರನ ಹತ್ತಿರ ಕ್ರಿಕೆಟ್ ಸ್ಕೋರು ಕೇಳಿಕೊಂಡು ಬಂದ. ಅಷ್ಟರಲ್ಲಿ ನಾನು 'ರೋಗಿ ಹಾಸಿಗೆಯಲ್ಲಿಲ್ಲ' ಎಂಬುದನ್ನು ಒತ್ತಿದ್ದೆ. ಸುಳ್ಳಲ್ಲವಲ್ಲ! ಫ್ರಿಜ್ಜಿನಿಂದ ಹೊರಬಂದ ರಕ್ತ ಅರ್ಧ ಗಂಟೆಯೊಳಗೆ ವಾಪಸು ಹೋಗದಿದ್ದರೆ ಕೆಡುತ್ತದೆ. ಆ ಎರಡು ಬಿ ಪಾಸಿಟಿವ್ ಚೀಲಗಳು ಹದಿನಾರು ನಿಮಿಷಕ್ಕೇ ವಾಪಸು ಹೋದವು. ಮಧ್ಯಾಹ್ನ ಹೆರಿಗೆ ವಾರ್ಡಿನಲ್ಲಿ ಒಬ್ಬಳಿಗೆ ನಲ್ಲಿ ಬಿಟ್ಟಂತೆ ರಕ್ತ ಹರಿಯತೊಡಗಿದಾಗ ಆರು ಚೀಲ ಹಿಡಿದು ಮೆಟ್ಟಿಲ ಮೇಲೆ ಓಡಿದವಳೂ ನಾನೇ. ರಕ್ತ ಕಂಡರೆ ಬೇಡ ಎನ್ನುವ ಹೆಂಗಸಲ್ಲ ನಾನು. ಬೇಕಾದವರಿಗೆ ಬೇಕು, ಬೇಡದವರಿಗೆ ಬೇಡ. ಈ ಸರಳ ಮಾತು ಹೇಳಿದ್ದಕ್ಕೇ ಇಷ್ಟು ರಾದ್ಧಾಂತ.

ಈರಣ್ಣನ ಹೆಂಡತಿ ಸುವರ್ಣಾ ಆ ದಿನಗಳಲ್ಲಿ ನಮ್ಮ ಮನೆಯಲ್ಲೇ ಇದ್ದಳು. ಸಂಜೆ ನಾನು ಮನೆಗೆ ಹೋದಾಗ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿನಲ್ಲೇ ಗೊತ್ತಾಯಿತು, ಸುದ್ದಿ ಇವಳಿಗೆ ಮುಟ್ಟಿದೆ ಎಂದು.

"ಅಕ್ಕಾರ, ಮಂದಿಗೆಲ್ಲಾ ರಕ್ತ ಹಂಚ್ತೀರಿ. ನಿಮ್ಮ ತಮ್ಮಗ ಬಂದ ರಕ್ತ ತಿರುಗಿ ಕಳಸ್ತೀರಿ?"

"ಅವಗ ಬೇಕಾಗಿಲ್ಲ ಸುವರ್ಣಾ."

"ಬೇಕಾಗಿಲ್ಲಾ? ಮುಖಾ ನೋಡೀರೇನು ಅವರದು? ಸುಣ್ಣ ಬಳದಂಗ ಆಗೇತಿ! ಬಾಜೂ ಹಾಸಿಗಿಯವನಿಗೆ ಎರಡ್ ಬಾಟ್ಲಿ ಹಾಕಿದ್ರು, ಸಂಜಿಕ ಗಲ್ಲ ಕೆಂಪಗಾಗಿದ್ವು."

ನನ್ನ ಗಂಡ ಫಕೀರಪ್ಪ, ಸಾರಿಗೆ ಬಸ್ಸಿನ ನಿವೃತ್ತ ಡ್ರೈವರು, ಜಗುಲಿಯಿಂದಲೇ ಕೂಗಿದರು: "ನಿಮ್ಮ ಅಕ್ಕಾರು ಬ್ರೇಕ್ ಹಾಕಿದ್ರ ಯಾರ ಮಾತೂ ಕೇಳಂಗಿಲ್ಲವಾ. ಮೂವತ್ತು ವರ್ಷ ನೋಡೇನಿ."

ನಾನು ಅವರನ್ನು ಲೆಕ್ಕಿಸದೆ ಸುವರ್ಣಾಳ ಎದುರಿಗೆ ಕುಳಿತೆ. ದೇಹದೊಳಗೆ ಕಾವಲುಗಾರರಿದ್ದಾರೆ, ಬೇರೆಯವರ ರಕ್ತ ಒಳಗೆ ಹೋದಾಗ ಅವರು ಆ ಅಪರಿಚಿತ ಮುಖಗಳನ್ನು ಗುರುತಿಟ್ಟುಕೊಳ್ಳುತ್ತಾರೆ, ಆಮೇಲೆ ಅಂಥ ಚಹರೆ ಎಲ್ಲಿ ಕಂಡರೂ ಹೊಡೆಯುತ್ತಾರೆ ಎಂದೆ. "ನಾನು ಅವನ ಒಡಹುಟ್ಟಿದವಳು ಖರೆ. ಆದ್ರೂ ನನ್ನ ಕಿಡ್ನಿ ಅವನ ಮೈಗೆ ಅರ್ಧ ಪರದೇಶಿನ. ಈಗ ಕಾವಲುಗಾರರು ಸುಮ್ಮನ ಅದಾರ. ಎಬ್ಬಿಸಬ್ಯಾಡ್ರಿ ಅಂತೇನಿ, ಅಷ್ಟ."

ಸುವರ್ಣಾ ರೊಟ್ಟಿಯನ್ನು ಹೆಂಚಿಗೆ ಹಾಕಿ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ಕಿಡ್ನಿ ಕೂಡೋದರೊಳಗ ಜೀವಾನ ಹೋದ್ರ?"

ಏಳು ಪಾಯಿಂಟ್ ಮೂರು ಸಾಕು ಎಂದು ನನ್ನ ಅನುಭವ ಹೇಳುತ್ತಿತ್ತು, ಆದರೆ ಅನುಭವವನ್ನು ಅವಳ ಕೈಯಲ್ಲಿ ಹೇಗೆ ಇಡಲಿ? ನನಗೂ ಹೆದರಿಕೆಯಿತ್ತು. ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನ ನಾನು ಡಾಕ್ಟರ್ ಶಬಾನಾ ಕಿತ್ತೂರರ ಹತ್ತಿರ ಹೋದೆ. ಮೂವತ್ತೆರಡು ವರ್ಷದ ಹುಡುಗಿ, ಅರಿವಳಿಕೆ ತಜ್ಞೆ. ಹಳೆಯ ಎಕ್ಸ್‌ರೇ ಕೋಣೆಯಲ್ಲಿ ಬೆಸುಗೆ ಕಡ್ಡಿ, ತಂತಿ, ಬಿಸ್ಕತ್ತಿನ ಡಬ್ಬಿಗಳ ನಡುವೆ ಕೂತು ಏನೇನೋ ಮಾಡುತ್ತಿರುತ್ತಾಳೆ. ಮೈಗೆ ಅಂಟಿಸುವ ಒಂದು ಪಟ್ಟಿಯನ್ನು ಅವಳೇ ಮಾಡಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮೇಲಿನವರ ಒಪ್ಪಿಗೆ ಇಲ್ಲ ಎಂಬುದೂ ಗೊತ್ತಿತ್ತು.

ಅಂಟುಬ್ಯಾಂಡೇಜಿನಷ್ಟೇ ಉದ್ದದ ಆ ಪಟ್ಟಿಗೆ ಅವಳು ದಾಹಪಟ್ಟಿ ಎನ್ನುತ್ತಾಳೆ. ಚರ್ಮದ ಮೇಲೆ ಅಂಟಿಸಿದರೆ ಅದು ಒಳಗೆ ಬೆಳಕು ಬಿಡುತ್ತದೆ. ಆಮ್ಲಜನಕ ಹೊತ್ತ ರಕ್ತದ ಬಣ್ಣ ಒಂದು, ಕೊಟ್ಟು ಖಾಲಿಯಾದ ರಕ್ತದ ಬಣ್ಣ ಇನ್ನೊಂದು. ಮರಳಿ ಬಂದ ಬೆಳಕನ್ನು ಓದಿ, ಮಾಂಸಖಂಡಕ್ಕೋ ಮಿದುಳಿಗೋ ಬೇಕಾದಷ್ಟು ಸಿಕ್ಕು ಇನ್ನೂ ಉಳಿಯುತ್ತಿದೆಯೋ ಇಲ್ಲವೋ ಎಂದು ಅದು ಹೇಳುತ್ತದೆ. ಉಳಿಯುತ್ತಿದ್ದರೆ ಹಸಿರು, ತಳ ಕಾಣುತ್ತಿದ್ದರೆ ಹಳದಿ, ಸಾಲದಿದ್ದರೆ ಕೆಂಪು.

"ಭರಣಿ ಕೇಳೋದು ಕೊಡದಾಗ ನೀರು ಎಷ್ಟೈತಿ ಅಂತ" ಎಂದಳು ಶಬಾನಾ. "ಇದು ಕೇಳೋದು ಮನಿಮಂದಿಗೆ ನೀರಡಿಕಿ ಆಗೇತೋ ಇಲ್ಲೋ ಅಂತ. ಕಿಡ್ನಿ ಕೆಟ್ಟವರ ಮೈ ವರ್ಷಾನುಗಟ್ಟಲೆ ಕಡಿಮಿ ರಕ್ತದಾಗ ಬಾಳೇವು ಮಾಡಿ ರೂಢಿ ಆಗಿರ್ತೈತ್ರಿ ಮೇಡಂ. ಇದ್ದದ್ದರಾಗ ಹೆಚ್ಚು ಆಮ್ಲಜನಕ ಬಿಡಸ್ಕೊಂತಾವ."

"ಹಂಗಾದ್ರ ಹಚ್ಚು ನನ್ನ ತಮ್ಮಗ."

"ಒಪ್ಪಿಗಿ ಇಲ್ರೀ ಇದಕ್ಕ. ನನ್ನ ನೌಕರಿ…"

"ನೀ ಮರತು ನನ್ನ ಟೇಬಲ್ ಮ್ಯಾಲ ಬಿಟ್ಟು ಹೋಗು. ಹಚ್ಚಾಕಿ ನಾನು."

ಅವಳು ಎರಡು ಪಟ್ಟಿ ತೆಗೆದುಕೊಂಡು ನನಗಿಂತ ಮುಂಚೆ ಬಾಗಿಲು ದಾಟಿದಳು. ಒಂದನ್ನು ಈರಣ್ಣನ ಹಣೆಗೆ, ಇನ್ನೊಂದನ್ನು ತೊಡೆಗೆ ಅಂಟಿಸಿದಳು. ಎರಡೂ ಹಸಿರು. ಎಬ್ಬಿಸಿ ನಡೆಸಿದೆವು, ಹಸಿರು. ಎರಡು ಮಹಡಿ ಹತ್ತಿಸಿದೆವು. ತೊಡೆಯದು ಹಳದಿಗೆ ತಿರುಗಿ, ಕೂತು ಐದು ನಿಮಿಷಕ್ಕೆ ಮತ್ತೆ ಹಸಿರಾಯಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡೆ. ಎರಡು ದಿನದ ಮೇಲೆ ಆವತ್ತು ಹೊಟ್ಟೆತುಂಬ ಊಟ ಮಾಡಿದೆ.

ಆದರೆ ಅಂಕಿ ಇಳಿಯುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಆರೂವರೆಗೆ ಏಳು. ಇನ್ನೊಂದು ಗೆರೆ ಇಳಿದರೆ ಕಡ್ಡಾಯ. ಈರಣ್ಣ ಡಯಾಲಿಸಿಸ್ ಸೂಜಿ ಚುಚ್ಚುವ ಕೈಗೆ ಸೋಂಕಾಯಿತೆಂದು ಸೇರಿದವನು. ಬಂದಾಗ ಎಂಟು ಪಾಯಿಂಟ್ ಆರು ಇತ್ತು. ಸೋಂಕು ವಾಸಿಯಾಗಿತ್ತು. ಎಲ್ಲೂ ಗಾಯವಿಲ್ಲ, ಹೊಟ್ಟೆಯಲ್ಲಿ ಹುಣ್ಣಿಲ್ಲ. ಹಾಗಾದರೆ ಹನ್ನೊಂದು ದಿನದಲ್ಲಿ ರಕ್ತ ಹೋಗುವುದಾದರೂ ಎಲ್ಲಿಗೆ?

ನಾನು ಈರಣ್ಣನ ಹಾಸಿಗೆಯ ಪಕ್ಕದಲ್ಲೇ ಕೂತು ಯೋಚಿಸುತ್ತಿದ್ದೆ. ಆಗ ಭರಣಿಯ ತೋಳು ಮೆಲ್ಲಗೆ ಬಾಗಿ ಬಂತು. ಅವನು ಅಭ್ಯಾಸಬಲದಿಂದ ಕೈ ಚಾಚಿದ. ತೋಳು ಚುಚ್ಚಿತು, ಕೊಳವೆ ತುಂಬಿತು, ತೋಳು ಹಿಂದೆ ಸರಿಯಿತು. ಆಗಷ್ಟೇ ಗಮನಿಸಿದೆ, ಆ ಕೊಳವೆ ಕಂಠಮಟ್ಟ ತುಂಬಿತ್ತು!

ಪರೀಕ್ಷಾಲಯದ ತಂಪು ಕೋಣೆಯಲ್ಲಿ ಬಳಸಿದ ಕೊಳವೆಗಳನ್ನು ಹದಿನೈದು ದಿನ ಇಡುವ ನಿಯಮವಿದೆ. ಓಡಿಹೋಗಿ ಹದಿನಾಲ್ಕನೇ ಹಾಸಿಗೆಯ ಸ್ಟ್ಯಾಂಡು ಹುಡುಕಿದೆ. ದಿನಕ್ಕೆ ಆರು, ಹನ್ನೊಂದು ದಿನ: ಅರವತ್ತಾರು ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಹತ್ತು ಎಂಎಲ್. ಈಗಿನ ಪರೀಕ್ಷೆಯ ಯಂತ್ರಕ್ಕೆ ಬೇಕಾಗುವುದು ಎರಡು ಹನಿ. ಉಳಿದದ್ದು ಅಲ್ಲೇ ವ್ಯರ್ಥವಾಗಿ ಕೂತಿತ್ತು. ಒಟ್ಟು ಆರುನೂರ ಅರವತ್ತು ಎಂಎಲ್. ಒಂದು ಚೀಲ ಅಂದರೆ ಮುನ್ನೂರೈವತ್ತು. ಹೆಚ್ಚುಕಡಿಮೆ ಎರಡು ಚೀಲ ರಕ್ತವನ್ನು ನನ್ನ ತಮ್ಮನ ಮೈಯಿಂದ ಅಳೆಯಲಿಕ್ಕೆಂದೇ ತೆಗೆದು, ಕಡಿಮೆಯಾಯಿತಲ್ಲ ಎಂದು ಎರಡು ಚೀಲ ಬೇರೆಯವರದ್ದನ್ನು ಹಾಕಲು ಹೊರಟಿದ್ದರು.

"ಎಂಥ ಮುಠ್ಠಾಳರು ಇದಕ್ಕ ಕಲಿಸಿದವರು!" ಎಂದು ಕಿರುಚಿದೆ. ಶಬಾನಾ ನನ್ನ ಹಿಂದೆಯೇ ಬಂದಿದ್ದಳು.

"ಕಲಿಸಿದ ಪಾಠ ನಿಯಂತ್ರಣ ಕೊಠಡಿಯಾಗ ಇರ್ತಾವ್ರಿ. ನೋಡೂಣು ನಡೀರಿ" ಎಂದಳು.

ನೋಡಿದೆವು. ಭರಣಿಯ ಕಡತದಲ್ಲಿ 'ರಕ್ತ ಸಂಗ್ರಹ, ಮೂಲಪಾಠ' ಎಂಬ ವಿಡಿಯೋ ಇತ್ತು. ಹನ್ನೊಂದು ವರ್ಷ ಹಳೆಯದು. ಪರದೆಯ ಮೇಲೆ ಎರಡು ಕೈಗಳು ಒಬ್ಬ ರೋಗಿಯ ನರ ಹುಡುಕುತ್ತಿದ್ದವು. ಎಡಗೈಯಲ್ಲಿ ಹಸಿರು ಗಾಜಿನ ಬಳೆ, ಬಲಗೈಯ ಹೆಬ್ಬೆರಳ ಮೇಲೆ ಸುಟ್ಟ ಕಲೆ. ಆ ಕಲೆ ಈಗಲೂ ನನ್ನ ಹೆಬ್ಬೆರಳ ಮೇಲಿದೆ.

ಆಮೇಲೆ ಧ್ವನಿ, ನಗುನಗುತ್ತ: "ಕೊಳವಿ ಯಾವಾಗಲೂ ತುಂಬ ತಗೀರಿ. ಕಡಿಮಿ ತಗದ್ರ ಸಾಲಂಗಿಲ್ಲ ಅಂತ ತಿರುಗಿ ಕಳಸ್ತಾರ, ಪಾಪ, ಪೇಶೆಂಟಿಗೆ ಮತ್ತ ಚುಚ್ಚಬೇಕಾಗ್ತದ. ಮತ್ತ ಚೀಲ ಕೊಡೋ ಮುಂದ ಜೋಡೀನ ಕೊಡ್ರಿ. ಒಂಟಿ ಚೀಲ ಕೊಡೋದು ನಮ್ಮಲ್ಲಿ ಪದ್ಧತಿ ಇಲ್ಲ."

ಮರೆತೇಬಿಟ್ಟಿದ್ದೆ! ಕ್ಯಾಮರಾ ಹಿಡಿದ ಹುಡುಗರು ಬಂದಿದ್ದರು. ರಾಜ್ಯದಲ್ಲೇ ಒಳ್ಳೆಯ ಕೈ ನಿಮ್ಮದು ಮೇಡಂ ಎಂದು ಮೂರು ದಿನ ಚಿತ್ರೀಕರಿಸಿ, ಶಾಲು ಹೊದಿಸಿ ಹೋಗಿದ್ದರು. ನಾನು ಕೆಲಸಕ್ಕೆ ಸೇರಿದಾಗ ಪರೀಕ್ಷೆಯ ಯಂತ್ರಗಳಿಗೆ ನಿಜಕ್ಕೂ ಅಷ್ಟು ರಕ್ತ ಬೇಕಾಗುತ್ತಿತ್ತು. ಯಂತ್ರ ಬದಲಾಯಿತು, ನನ್ನ ಕೈ ಬದಲಾಗಲಿಲ್ಲ. ಜೋಡಿ ಚೀಲವನ್ನಂತೂ ನನಗೆ ಹೇಳಿಕೊಟ್ಟವರನ್ನು ನಾನು ಯಾಕೆ ಎಂದು ಕೇಳಿಯೇ ಇರಲಿಲ್ಲ. ಅವರೂ ಯಾರನ್ನೂ ಕೇಳಿರಲಿಕ್ಕಿಲ್ಲ. ನನ್ನ ರೂಢಿ ರಾಜ್ಯದ ಎಲ್ಲ ಹಾಸಿಗೆಗಳ ಪಕ್ಕದಲ್ಲೂ ಉಕ್ಕಿನ ತೋಳಾಗಿ ನಿಂತಿತ್ತು. ಹನ್ನೊಂದು ವರ್ಷ! ಎಷ್ಟು ಜನರ ಮೈಯಿಂದ ಹೀಗೆ ಬಸಿದಿದ್ದೇನೆ? ನಾಚಿಕೆಯಾಯಿತು. ಆಮೇಲೆ ನಾಚಿಕೆಗಿಂತ ದೊಡ್ಡದಾಗಿ ಸಿಟ್ಟು ಬಂತು, ನನ್ನ ಮೇಲೇ.

ಅಷ್ಟರಲ್ಲಿ ಆ ಕೊಠಡಿಯ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ಹದಿನಾಲ್ಕನೇ ಹಾಸಿಗೆ, ಆರು ಪಾಯಿಂಟ್ ಒಂಬತ್ತು. ಕಡ್ಡಾಯ.

ನಾನು ಪರೀಕ್ಷಾಲಯಕ್ಕೆ ಓಡಿ ಕೊಳವೆಗಳ ಸ್ಟ್ಯಾಂಡು ಎತ್ತಿಕೊಂಡು ವಾರ್ಡಿಗೆ ಬರುವಷ್ಟರಲ್ಲಿ ಆಸ್ಪತ್ರೆಯ ಅಧೀಕ್ಷಕ ಡಾಕ್ಟರ್ ಶೀಲವಂತ ಅಲ್ಲಿದ್ದರು. ಚೀಲಗಳನ್ನು ಹಾಸಿಗೆಯ ಪಕ್ಕದ ಡ್ರಿಪ್ಪಿನ ಕಂಬಕ್ಕೆ ಆಗಲೇ ನೇತುಹಾಕಿದ್ದರು. ಸುವರ್ಣಾ ಹಾಸಿಗೆಯ ಕಾಲದೆಸೆಯಲ್ಲಿ ನಿಂತಿದ್ದಳು, ಕೈಯಲ್ಲಿ ಒಂದು ಒಪ್ಪಿಗೆ ಪತ್ರ, ಒಂದು ಪೆನ್ನು. ಈರಣ್ಣ ಎರಡೂ ಕೈ ಬಗಲಲ್ಲಿ ಅಮುಕಿಕೊಂಡು ಕೂತಿದ್ದ.

"ಬ್ಯಾಡ ಅಂದ್ರ ಬ್ಯಾಡ್ರಿ ಸಾಹೇಬ್ರ" ಎನ್ನುತ್ತಿದ್ದ.

ಶೀಲವಂತ ಕೆಟ್ಟವರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಕ್ತ ಬರುವುದು ತಡವಾಗಿ ಅವರ ಕಣ್ಣೆದುರೇ ಒಬ್ಬಳು ತೀರಿಹೋಗಿದ್ದಳು. ಆವತ್ತಿನಿಂದ ಅವರಿಗೆ ಖಾಲಿ ಕಂಬ ಕಂಡರೆ ಭಯ. "ದ್ರಾಕ್ಷಾಯಣಿಯವರ, ನೀವರ ಹೇಳ್ರಿ" ಎಂದರು. "ಏಳರ ಕೆಳಗ ಪೇಶೆಂಟಿನ ಮಾತು ಹಿಡಿಯಂಗಿಲ್ಲ ಅಂತ ನಿಯಮ ಐತಿ. ಮಿದುಳಿಗೆ ಆಮ್ಲಜನಕ ಕಡಿಮಿ ಆದಾಗ ಮನುಷ್ಯಾ ಏನೇನರ ಬಡಬಡಸ್ತಾನ. ಅದಕ್ಕ ಅವರ ಮನಿಯವರ ಸಹಿ ತಗೋಳಾಕತ್ತೇನಿ."

"ಮಿದುಳು ಏನಂತದ ಅಂತ ಮಿದುಳನ್ನ ಕೇಳ್ರಿ" ಎಂದೆ. "ಹಣಿ ನೋಡ್ರಿ ಅವನದು."

ಹಣೆಯ ಮೇಲೆ ಪಟ್ಟಿ ಹಸಿರಾಗಿತ್ತು. ಶಬಾನಾ ಮುಂದೆ ಬಂದು ಅದು ತನ್ನದು, ತಾನೇ ಹಚ್ಚಿದ್ದು ಎಂದು ಗಟ್ಟಿಯಾಗಿ ಹೇಳಿದಳು. ಎರಡು ದಿನದ ದಾಖಲೆಯನ್ನು ಅವರ ಮುಂದೆ ಹಿಡಿದಳು. ಶೀಲವಂತ ಅದನ್ನು ನೋಡಿದರು, ಮತ್ತೆ ಈರಣ್ಣನನ್ನು ನೋಡಿದರು.

ಈರಣ್ಣ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು, ಮಾತಿಗೆ ಬರಗಾಲವಿಲ್ಲ. "ಸಾಹೇಬ್ರ, ನಿಮ್ಮ ಮಗಳ ಲಗ್ನದಾಗ ಊದಿದವ ನಾನ. ಮೆರವಣಿಗಿ ಬಸವನ ಗುಡಿ ಮುಂದ ಬಂದಾಗ ನೀವು ಕೋಟು ತಗದು ಕುಣದಿದ್ರಿ. ಯಾರಿಗೂ ಹೇಳಬ್ಯಾಡ ಅಂತ ನನಗ ಹೇಳಿದ್ರಿ. ನನ್ನ ನೆನಪು ಸರಿ ಐತೋ, ಇಲ್ಲಾ ಇದೂ ಬಡಬಡಿಕೀನೋ?"

ವಾರ್ಡಿನವರೆಲ್ಲ ನಕ್ಕರು. ಶೀಲವಂತರ ಮುಖ ಕೆಂಪಾಯಿತು. ಆದರೆ ಸುವರ್ಣಾ ನಗಲಿಲ್ಲ. ಅವಳು ಪೆನ್ನಿನ ಟೊಪ್ಪಿಗೆ ತೆಗೆದಿದ್ದಳು.

"ನನಗ ಇದೆಲ್ಲಾ ತಿಳಿಯಂಗಿಲ್ಲ" ಎಂದಳು. "ಪಟ್ಟಿ ಹಸರೈತಿ ಅಂತೀರಿ, ಅಂಕಿ ಕೆಂಪೈತಿ ಅಂತಾರ. ನಾ ಯಾರನ್ನ ನಂಬಲಿ? ನನಗ ಇವರು ಬೇಕು, ಅಷ್ಟ."

ನಾನು ಸ್ಟ್ಯಾಂಡನ್ನು ಅವಳ ಮುಂದೆ ಹಾಸಿಗೆಯ ಮೇಲಿಟ್ಟೆ. ಅರವತ್ತಾರು ಕೊಳವೆಗಳು ಗಲಗಲ ಸದ್ದು ಮಾಡಿದವು.

"ಇದು ಏನ್ರಿ?"

"ನಿನ್ನ ಗಂಡನ ರಕ್ತ. ಅಳಿಯಾಕಂತ ಹನ್ನೊಂದು ದಿನ ತಗದದ್ದು. ಎರಡು ಹನಿ ಸಾಕಿತ್ತು. ಕೊಳವಿ ತುಂಬ ತಗೀಬೇಕು ಅಂತ ಆ ಯಂತ್ರಕ್ಕ ಕಲಿಸಿದಾಕಿ ನಾನು. ಜೋಡಿ ಚೀಲ ಕೊಡಬೇಕು ಅಂತ ಕಲಿಸಿದಾಕೀನೂ ನಾನ. ಇವತ್ತ ಗೊತ್ತಾತು ನನಗ. ನನ್ನ ಬೈಯೋದಿದ್ರ ಆಮ್ಯಾಲ ಬೈ. ಸಹಿ ಮಾಡೋಕಿಂತ ಮೊದಲ ಇದನ್ನ ನೋಡು."

ಅವಳು ಒಂದು ಕೊಳವೆ ಎತ್ತಿ ಅದರ ಮೇಲಿನ ಹೆಸರು ಓದಿದಳು. ಇನ್ನೊಂದು ಎತ್ತಿದಳು. ಮೂರನೆಯದನ್ನು ಓದಿ ಎದೆಗೊತ್ತಿಕೊಂಡಳು. ಆಮೇಲೆ ಕಂಬದ ಮೇಲಿನ ಚೀಲಗಳನ್ನು ನೋಡಿ, ಶೀಲವಂತರ ಕಡೆ ತಿರುಗಿದಳು.

"ಇಷ್ಟು ಇವರದ ತಗದು ಇಟ್ಟು, ಮ್ಯಾಲ ಮಂದೀದು ಹಾಕ್ತೀರಿ? ಇದೆಂಥ ವೈದ್ಯಕಿ ಸಾಹೇಬ್ರ?"

ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಹರಿದು ಅವರ ಕೈಗೇ ಕೊಟ್ಟಳು. ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿತ್ತು, ಅದು ನ್ಯಾಯವೇ.

ನಾನು ತಡಮಾಡಲಿಲ್ಲ. ಹಾಸಿಗೆಯ ಹಿಂದೆ ಬಗ್ಗಿ ಭರಣಿಯ ತೋಳಿನ ವೈರು ಹಿಡಿದು ಎಳೆದೆ. ತೋಳು ಅರ್ಧಕ್ಕೆ ನಿಂತು ಜೋತುಬಿದ್ದಿತು. ಎಲ್ಲೋ ದೂರದಲ್ಲಿ ಗಂಟೆ ಹೊಡೆದುಕೊಳ್ಳತೊಡಗಿತು.

"ಇದರ ಪರಿಣಾಮ ಗೊತ್ತೈತೇನು ನಿಮಗ?" ಎಂದರು ಶೀಲವಂತ. "ಇವಗೇನರ ಆದ್ರ ಯಾರು ಹೊಣಿ?"

"ನಾನು. ಬರದು ಕೊಡ್ತೇನಿ. ಪಟ್ಟಿ ಕೆಂಪಾದ ಕ್ಷಣಕ್ಕ ನನ್ನ ಕೈಯಾರೆ ಚೀಲ ಏರಸ್ತೇನಿ, ಕಿಡ್ನಿ ಹೋದ್ರೂ ಹೋಗ್ಲಿ. ಮೊದಲ ಅವನ ಜೀವ. ಆದ್ರ ಬರೇ ಒಂದು ಅಂಕಿ ಸಲುವಾಗಿ ಏರಸಂಗಿಲ್ಲ. ನೀವೂ ಏರಸಂಗಿಲ್ಲ. ನನ್ನ ದಾಟಿ ಹೋಗಬೇಕು ನೀವು."

ಅವರು ದಾಟಲಿಲ್ಲ. ಚೀಲಗಳನ್ನು ತಾವೇ ಇಳಿಸಿ ನರ್ಸಿನ ಕೈಗೆ ಕೊಟ್ಟು, "ಅರ್ಧ ತಾಸಿನ್ಯಾಗ ಫ್ರಿಜ್ಜಿಗೆ ಮುಟ್ಟಸು" ಎಂದರು. ಮಧ್ಯಾಹ್ನ ನನ್ನ ಅಮಾನತಿನ ಆದೇಶ ಬಂತು. ವಿಚಾರಣೆಯ ದಿನಾಂಕ ನೋಡಿದರೆ ಅದು ಸರಿಯಾಗಿ ಆಪರೇಷನ್ ದಿನ. ನಾನು ಅದರ ಕೆಳಗೇ ಬರೆದು ವಾಪಸು ಕಳಿಸಿದೆ: "ಆ ದಿನ ನನಗೆ ಕಿಡ್ನಿ ಕೊಡುವ ಕೆಲಸವಿದೆ. ಬೇರೆ ದಿನ ಇಟ್ಟುಕೊಳ್ಳಿ."

ಆಮೇಲಿನ ಏಳು ದಿನ ಶಬಾನಾ ಮಕ್ಕಳ ವಾರ್ಡಿನಿಂದ ಪುಟ್ಟ ಕೊಳವೆಗಳನ್ನು ತಂದು ದಿನಕ್ಕೊಂದೇ ಸಲ ಅರ್ಧ ಎಂಎಲ್ ತೆಗೆದಳು. ಭರಣಿ ಬಂದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಬಳಕೆ ತಪ್ಪಿದ್ದ, ಮೂಳೆಮಜ್ಜೆಯನ್ನು ಎಬ್ಬಿಸಿ ರಕ್ತ ಮಾಡಿಸುವ ಇಂಜೆಕ್ಷನ್ನನ್ನು ಬೇರೆ ಕಡೆಯಿಂದ ಹೊಸದಾಗಿ ತರಿಸಿ ಕೊಟ್ಟಳು. ಜೊತೆಗೆ ಕಬ್ಬಿಣಾಂಶದ ಡ್ರಿಪ್ಪು. ನನ್ನನ್ನು ರಕ್ತನಿಧಿಗೆ ಬಿಡುತ್ತಿರಲಿಲ್ಲ. ನಾನು ಮನೆಯಲ್ಲಿ ಕೂತು ಫೋನು ನೋಡುತ್ತಿದ್ದೆ. ಆರು ಪಾಯಿಂಟ್ ಒಂಬತ್ತು. ಮರುದಿನವೂ ಅಷ್ಟೇ. ಇಳಿಯುವುದು ನಿಂತಿತ್ತು! ಐದನೇ ದಿನ ಏಳು ಪಾಯಿಂಟ್ ಒಂದು. ಫಕೀರಪ್ಪ ಓಣಿಗೆಲ್ಲ ಕೇಳುವಂತೆ "ಗಾಡಿ ಘಾಟ್ ಹತ್ತಿತು!" ಎಂದು ಕೂಗಿ ನನ್ನಿಂದ ಬೈಸಿಕೊಂಡರು.

ಸುವರ್ಣಾ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ತಟ್ಟೆಗೆ ರೊಟ್ಟಿ ಹಾಕುತ್ತ, "ನೀವೂ ಸರಿಯಾಗಿ ಉಣ್ರಿ. ನಿಮ್ಮ ಕಿಡ್ನಿ ನಮ್ಮದೈತಿ" ಎಂದಳು.

ಆಪರೇಷನ್‌ಗೆ ಎರಡು ದಿನ ಮೊದಲು ಕೊನೆಯ ಹೊಂದಾಣಿಕೆ ಪರೀಕ್ಷೆ. ನನ್ನ ರಕ್ತದ ಬಿಳಿ ಕಣಗಳನ್ನು ಈರಣ್ಣನ ರಕ್ತದ ತಿಳಿಯಲ್ಲಿ ಹಾಕಿ ನೋಡುವುದು. ಅವನ ಕಾವಲುಗಾರರು ಎದ್ದಿದ್ದರೆ ನನ್ನ ಕಣಗಳು ಸಾಯುತ್ತವೆ. ಶಬಾನಾ ಫೋನು ಮಾಡಿದಾಗ ಮೊದಲು ಅಳುವ ಸದ್ದೇ ಕೇಳಿಸಿತು.

"ಒಂದೂ ಸತ್ತಿಲ್ರೀ ಮೇಡಂ" ಎಂದಳು. ಖುಷಿಗೆ ಅಳುವವರನ್ನು ಕಂಡರೆ ನನಗಾಗುವುದಿಲ್ಲ. ಆವತ್ತು ನಾನೂ ಅತ್ತೆ.

ಆಪರೇಷನ್ ಆದ ಮೂರನೇ ದಿನ ವಿಚಾರಣೆಯವರು ನನ್ನ ಹಾಸಿಗೆಯ ಹತ್ತಿರವೇ ಬಂದರು. ರಾಜಧಾನಿಯಿಂದ ಬಂದ ಒಬ್ಬ ಅಧಿಕಾರಿ, ಜೊತೆಗೆ ಶೀಲವಂತ. ನನ್ನ ಎಡಗಡೆಯ ಹೊಲಿಗೆ ಉರಿಯುತ್ತಿತ್ತು. ಅಧಿಕಾರಿ ಕುರ್ಚಿ ಎಳೆದುಕೊಂಡು ಕುಳಿತು ಕಾಗದ ಬಿಡಿಸಿದರು.

"ಭರಣಿಯ ಆದೇಶ ಮೀರಿದ್ದೀರಿ. ತಪ್ಪು ಒಪ್ಪಿಕೊಳ್ತೀರಾ?"

"ತಪ್ಪು ಒಪ್ಕೋತೀನ್ರಿ. ಅದು ವೈರು ಕಿತ್ತದ್ದಲ್ಲ, ಹನ್ನೊಂದು ವರ್ಷದ ಹಿಂದ ಕೊಳವಿ ತುಂಬ ತಗೀರಿ ಅಂದದ್ದು. ಆ ತಪ್ಪು ಈಗೂ ರಾಜ್ಯದ ಎಲ್ಲಾ ದವಾಖಾನ್ಯಾಗ ನಡದೈತಿ, ನಾವು ಮಾತಾಡೋವಾಗೂ ನಡದೈತಿ. ಕ್ಯಾಮರಾ ತರ್ರಿ, ಹೊಸಾ ಪಾಠ ಹೇಳ್ತೇನಿ. ಪುಟ್ಟ ಕೊಳವಿ, ಒಂಟಿ ಚೀಲ, ಕೊಡೋಕಿಂತ ಮೊದಲ ಮೈಗೆ ಕೇಳಬೇಕು. ಈ ಹೊಲಿಗಿ ಬಿಚ್ಚೋತನಕ ಕಾಯಬ್ಯಾಡ್ರಿ. ಕೂತ ಹೇಳ್ತೇನಿ."

"ಅದು ಈ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲ" ಎಂದರು ಅಧಿಕಾರಿ. "ನಿಮ್ಮ ನಿರಾಕರಣೆಯಿಂದ ರೋಗಿಗೆ ಹಾನಿಯಾಗಿಲ್ಲ ಅನ್ನೋದಕ್ಕೆ ಏನು ಆಧಾರ ಇದೆ? ಅದಷ್ಟೇ ಹೇಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಸುವರ್ಣಾ! ಎರಡೂ ಕೈಯಲ್ಲಿ ಒಂದು ದೊಡ್ಡ ಗೆರೆಹಾಕಿದ ಪ್ಲಾಸ್ಟಿಕ್ ಡಬ್ಬ ಎತ್ತಿ ಹಿಡಿದಿದ್ದಳು, ಅದರ ತುಂಬ ತಿಳಿಹಳದಿ ನೀರು. ಹಿಂದಿನಿಂದ ನರ್ಸೊಬ್ಬಳು "ಅದನ್ನ ಹೊರಗ ತರಬಾರದ್ರೀ!" ಎಂದು ಓಡಿಬರುತ್ತಿದ್ದಳು.

"ಅಕ್ಕಾರ! ನೋಡ್ರಿ! ಎರಡು ವರ್ಷ ಆತು, ಒಂದ್ ವಾಟಗದಷ್ಟೂ ಉಚ್ಚಿ ಆಗಿದ್ದಿಲ್ಲ ಇವರಿಗೆ. ಇವತ್ತ ಮುಂಜಾನಿಂದ ಮೂರು ಲೀಟರ್! ತಾವ ಹೊಯ್ದಾರ, ಮತ್ತ ಹಾಡ್ಕೊಂತ ಹೊಯ್ದಾರ!"

ಆಮೇಲೆ ಕುರ್ಚಿಯಲ್ಲಿ ಕೂತ ಅಧಿಕಾರಿಯನ್ನು ಕಂಡು ಅವಳು ನಾಲಿಗೆ ಕಚ್ಚಿಕೊಂಡಳು. ಡಬ್ಬವನ್ನು ಎಲ್ಲಿಡಬೇಕೆಂದು ತಿಳಿಯದೆ, ಅವರ ಎದುರಿನ ಮೇಜಿನ ಮೇಲೆ, ಕಾಗದಗಳ ಪಕ್ಕದಲ್ಲೇ ಇಟ್ಟುಬಿಟ್ಟಳು. ಅಧಿಕಾರಿ ಕುರ್ಚಿ ಸಮೇತ ಹಿಂದೆ ಸರಿದರು. ಶೀಲವಂತ ಕನ್ನಡಕ ಏರಿಸಿ, ಡಬ್ಬದ ಹತ್ತಿರ ಬಗ್ಗಿ ಗೆರೆ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಬರಕೋರಿ ಸಾಹೇಬ್ರ" ಎಂದೆ ನಾನು.

ಅಧಿಕಾರಿ ಪೆನ್ನು ಹಿಡಿದುಕೊಂಡೇ ಕೂತಿದ್ದರು. "ಏನಂತ ಬರೀಲಿ?"

"ಮೂರು ಲೀಟರ್ ಅಂತ ಬರೀರಿ" ಎಂದರು ಶೀಲವಂತ. "ಸಾಕ್ಷಿ ನಾನು. ಸಹಿ ಮಾಡ್ತೇನಿ."